ಹಿಂದಿನ ಎಡಬಾಗಿಲಿನ ರಬ್ಬರು

ನಾನು ಕಾರಿನ ಬಾಗಿಲಿನ ಸುತ್ತ ಹಾಕುವ ರಬ್ಬರು. ನಗಬೇಡಿ. ನೀವು ದಿನವೂ ಕಾರು ಹತ್ತುತ್ತೀರಿ, ಬಾಗಿಲನ್ನು ಧಡ್ ಎಂದು ಎಳೆದುಕೊಳ್ಳುತ್ತೀರಿ. ಆ ಸದ್ದು ಕೊನೆಗೆ ಸ್ವಲ್ಪ ಮೆತ್ತಗಾಗುತ್ತದಲ್ಲ, ಅದು ನಾನು. ಮೆಕ್ಯಾನಿಕ್‌ಗಳು ನನ್ನನ್ನು ಬೀಡಿಂಗು ಎನ್ನುತ್ತಾರೆ. ಮಳೆ, ಗಾಳಿ, ಧೂಳು ಒಳಗೆ ನುಗ್ಗದ ಹಾಗೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಒತ್ತಿಸಿಕೊಂಡು ಮಲಗುವುದು ನನ್ನ ಕೆಲಸ. ಮಲಗಿಕೊಂಡೇ ಮಾಡುವ ಕೆಲಸ ಈ ಲೋಕದಲ್ಲಿ ಎಷ್ಟು ಜನಕ್ಕೆ ಸಿಕ್ಕೀತು? ನನಗೆ ಸಿಕ್ಕಿತು. ಅದಕ್ಕೇ ಏನೋ, ನನ್ನ ಬದುಕಿನಲ್ಲಿ ಕಂಡದ್ದೆಷ್ಟು, ಕನಸೆಷ್ಟು ಎಂದು ಈಗಲೂ ನನಗೆ ಪೂರ್ತಿ ಬಿಡಿಸಿ ಹೇಳಲು ಬರುವುದಿಲ್ಲ.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಕಪ್ಪು ಕಣಕದಂತಿದ್ದ ನನ್ನನ್ನು ನಾದಿ, ಕಾಯಿಸಿ, ಚಕ್ಕುಲಿ ಒರಳಿನಂಥ ಒಂದು ಅಚ್ಚಿನ ಬಾಯಿಂದ ಹೊರಗೆ ದಬ್ಬಿದರು. ನಾನು ಉದ್ದಕ್ಕೆ ಬಂದೆ, ಬರುತ್ತಲೇ ಇದ್ದೆ. ಎಲ್ಲಿ ಮುಗಿಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಕತ್ತರಿಸಿದಾಗಲೇ ನನ್ನ ತಲೆ ಯಾವುದು, ಬಾಲ ಯಾವುದು ಎಂದು ತಿಳಿದದ್ದು. ಆಮೇಲೆ ಎರಡನ್ನೂ ಸೇರಿಸಿ ಅಂಟಿಸಿಬಿಟ್ಟರು, ಆ ತಿಳಿವಳಿಕೆಯೂ ಹೋಯಿತು. ನನ್ನ ಒಂದು ಅಂಚಿನಲ್ಲಿ ತಗಡನ್ನು ಕಚ್ಚಿ ಹಿಡಿಯಲು ಹಲ್ಲು ಇಟ್ಟರು. ಹೊಟ್ಟೆಯನ್ನು ಮಾತ್ರ ಟೊಳ್ಳಾಗಿ ಬಿಟ್ಟರು. ಹೊಟ್ಟೆ ತುಂಬಿದವನು ನನ್ನ ಕೆಲಸಕ್ಕೆ ಬರುವುದಿಲ್ಲ. ಒತ್ತಿದರೆ ಕುಗ್ಗಬೇಕು, ಬಿಟ್ಟರೆ ಉಬ್ಬಬೇಕು.

ಒಂದು ಬಿಳಿ ಕಾರಿಗೆ ನಾವು ನಾಲ್ವರು ಅಣ್ಣತಮ್ಮಂದಿರು ಬಂದೆವು. ನನ್ನ ಪಾಲಿಗೆ ಹಿಂದಿನ ಎಡಬಾಗಿಲು. ಆ ಕಾರು ಎಂಥದು, ಎಷ್ಟು ಓಡುತ್ತದೆ ಎಂದೆಲ್ಲ ಕೇಳಬೇಡಿ, ನನಗೆ ಗೊತ್ತಿರುವುದು ನನ್ನ ಬಾಗಿಲು ಮಾತ್ರ. ಮೊದಲ ಮಾಲೀಕರು ಹುಬ್ಬಳ್ಳಿಯ ಒಬ್ಬ ವಕೀಲರು. ಅವರ ಸಿಟ್ಟೆಲ್ಲ ತೀರುತ್ತಿದ್ದದ್ದು ಬಾಗಿಲಿನ ಮೇಲೆ. ಕೇಸು ಸೋತ ದಿನ ನನ್ನ ಬೆನ್ನು ಹುಡಿಯಾಗುವ ಹಾಗೆ ಬಡಿಯುತ್ತಿದ್ದರು. ಗೆದ್ದ ದಿನ ಖುಷಿಗೆ ಇನ್ನೂ ಜೋರಾಗಿ ಬಡಿಯುತ್ತಿದ್ದರು. ಅವರು ಕಾರು ಮಾರುತ್ತಾರೆಂದು ತಿಳಿದಾಗ ನಾವು ನಾಲ್ವರೂ ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆವು.

ಕೊಂಡವನು ಎರ್ರಿಸ್ವಾಮಿ. ಸಂಡೂರು ಸೀಮೆಯ ಮಾರಿಯಮ್ಮನ ಕ್ರಾಸ್ ಎಂಬ ಊರಿನವನು, ಬಾಡಿಗೆ ಕಾರು ಓಡಿಸುವ ಸಣಕಲು ಮನುಷ್ಯ. ಅವನು ಬಾಗಿಲು ಹಾಕುವ ಪರಿಯೇ ಬೇರೆ. ಅಂಗೈಯಿಂದ ಮೆಲ್ಲಗೆ ತಳ್ಳಿ, ಕೊನೆಯಲ್ಲಿ ಸೊಂಟದಿಂದ ಒಂದಿಷ್ಟು ಒತ್ತು ಕೊಡುತ್ತಿದ್ದ. ಮಗುವಿನ ತೊಟ್ಟಿಲು ತೂಗುವವರು ಹಾಗೆ ಮಾಡುವುದನ್ನು ನಾನು ಆಮೇಲೆ ನೋಡಿದೆ.

ಮಾರಿಯಮ್ಮನ ಕ್ರಾಸಿಗೆ ಬಂದ ಮೊದಲ ದಿನವೇ ನನಗೆ ನನ್ನ ಕೆಲಸ ಏನೆಂದು ಅರ್ಥವಾಯಿತು. ಅದಿರು ತುಂಬಿದ ಲಾರಿಗಳು ಬೆಳಗಾದರೆ ಸಾಲುಗಟ್ಟಿ ಆ ರಸ್ತೆಯಲ್ಲಿ ಹೋಗುತ್ತವೆ. ಅವು ಎಬ್ಬಿಸುವ ಕೆಂಪು ಧೂಳು ಬೇವಿನೆಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಹೋಟೆಲಿನ ಇಡ್ಲಿಯ ಮೇಲೆ ಭೇದವಿಲ್ಲದೆ ಕೂರುತ್ತದೆ. ಆ ಊರಲ್ಲಿ ಬಿಳಿ ನಾಯಿ ಎಂಬುದೇ ಇಲ್ಲ. ಮಳೆ ಬಂದ ದಿನ ಯಾವುದಾದರೂ ನಾಯಿ ಬಿಳಿಯಾದರೆ ಉಳಿದ ನಾಯಿಗಳು ಗುರುತು ಸಿಗದೆ ಬೊಗಳುತ್ತವೆ. ಧೂಳು ನನ್ನ ಹೊರತುಟಿಯವರೆಗೆ ಬರುತ್ತಿತ್ತು, ಅಲ್ಲೇ ಕೂರುತ್ತಿತ್ತು, ಒಳಗೆ ಬಿಡುತ್ತೀಯಾ ಎಂದು ದಿನವೂ ಕೇಳುತ್ತಿತ್ತು. ನಾನು ಬಿಡಲಿಲ್ಲ.

ಎರ್ರಿಸ್ವಾಮಿಯ ಹೆಂಡತಿ ಪಂಪಾವತಿ ನನ್ನ ಬಾಗಿಲಿನಿಂದಲೇ ಹತ್ತುತ್ತಿದ್ದಳು. ಅವಳು ಒಂದು ಕಾಲಕ್ಕೆ ನಾಟಕದ ಕಂಪನಿಯಲ್ಲಿ ರಾಣಿಯ ಪಾರ್ಟು ಮಾಡಿದವಳು. ಅವಳ ಹಾಡಿಗೆ ಮಂದಿ ಒನ್ಸ್‌ಮೋರ್ ಎಂದು ಕೂಗಿ ಕೂಗಿ ನಾಟಕವನ್ನೇ ಮುಂದೆ ಹೋಗಲು ಬಿಡುತ್ತಿರಲಿಲ್ಲವಂತೆ. ಎರ್ರಿಸ್ವಾಮಿ ಅದೇ ಕಂಪನಿಯ ಪರದೆ, ಟ್ರಂಕುಗಳನ್ನು ಸಾಗಿಸುವ ಲಾರಿಯ ಡ್ರೈವರು. ಸಾಮಾನು ಕಾಯುತ್ತ ತಂಬುವಿನ ಹಿಂಬದಿಯಲ್ಲಿ ನಿಂತು ಕೇಳಿದವನೇ ಹೊರತು, ಒಂದು ದಿನವೂ ಎದುರಿಗೆ ಕೂತು ನೋಡಿದವನಲ್ಲ. ಕಂಪನಿ ಮುಚ್ಚಿತು, ಇಬ್ಬರೂ ಮದುವೆಯಾದರು. ಮದುವೆಯಾಗಿ ಅವಳು ಬಂದದ್ದು ಈ ಧೂಳಿನ ಊರಿಗೆ. ನಿಧಾನವಾಗಿ ಗಂಟಲು ಕಟ್ಟಿತು. ಮೊದಲು ಮೇಲಿನ ಸ್ವರ ಹೋಯಿತು, ಆಮೇಲೆ ಕೆಮ್ಮು ಬಂತು, ಕೊನೆಗೆ ಹಾಡುವುದನ್ನೇ ಬಿಟ್ಟಳು.

ಇದೆಲ್ಲ ನನಗೆ ಗೊತ್ತಾದದ್ದು ಹೊಸಪೇಟೆಯ ಡಾಕ್ಟರ ಹತ್ತಿರ ಹೋಗಿಬರುವ ದಾರಿಯಲ್ಲಿ, ಅವರಿಬ್ಬರ ಮಾತಿನಿಂದ. ಧೂಳಿನಿಂದ ದೂರ ಇರಬೇಕು ಎಂದು ಡಾಕ್ಟರು ಚೀಟಿ ಬರೆದಿದ್ದರು. ಮಾರಿಯಮ್ಮನ ಕ್ರಾಸಿನಲ್ಲಿದ್ದುಕೊಂಡು ಅದು ಹೇಗೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಎರ್ರಿಸ್ವಾಮಿಯ ಬಾಡಿಗೆಗಳೆಲ್ಲ ಆ ರಸ್ತೆಯಲ್ಲೇ ಇದ್ದದ್ದರಿಂದ ಊರು ಬಿಡುವ ಹಾಗೂ ಇರಲಿಲ್ಲ. ಆ ದಿನ ವಾಪಸು ಬರುವಾಗ ಲಾರಿಗಳ ಸಾಲು ಎದುರಾಯಿತು, ಗಾಜು ಏರಿಸಿದರು. ಹೊರಗೆ ಎಲ್ಲವೂ ಕೆಂಪಗಾಯಿತು. ಒಳಗೆ ಒಂದು ಕಣ ಧೂಳಿಲ್ಲ. ಆ ಮೌನದಲ್ಲಿ ಪಂಪಾವತಿ ತನಗೇ ಗೊತ್ತಿಲ್ಲದೆ ಗುನುಗಿದಳು. ನಾನು ಅದುವರೆಗೆ ಎಂಜಿನ್ನಿನ ನಡುಕ ಬಲ್ಲೆ, ರಸ್ತೆಯ ಗುಂಡಿಗಳ ನಡುಕ ಬಲ್ಲೆ. ಆ ಗುನುಗು ನನ್ನ ಟೊಳ್ಳು ಹೊಟ್ಟೆಯೊಳಗೆ ಬೇರೆಯೇ ತರಹ ಸುತ್ತಿತು. ತಲೆ ಬಾಲ ಇಲ್ಲದ ನನ್ನೊಳಗೆ ಅದು ಸುತ್ತುತ್ತಲೇ ಇತ್ತು. ಎರ್ರಿಸ್ವಾಮಿ ಕಾರನ್ನು ನಿಧಾನ ಮಾಡಿದ. ಊರು ಬಂದರೂ ನಿಲ್ಲಿಸದೆ ಇನ್ನೊಂದಿಷ್ಟು ದೂರ ಹೋಗಿ ತಿರುಗಿಸಿಕೊಂಡು ಬಂದ.

ಇದಾದ ಕೆಲವೇ ದಿನಕ್ಕೆ ಕಂಪನಿಯ ಹಾರ್ಮೋನಿಯಂ ಮಾಸ್ತರರಾಗಿದ್ದ ವೀರೇಶಪ್ಪನವರು ಮನೆಗೆ ಬಂದರು. ದೀಪಾವಳಿ ಕಳೆದ ಮೇಲೆ ಬಳ್ಳಾರಿಯಲ್ಲಿ ಕಂಪನಿಯ ಹಳೆಯ ಕಲಾವಿದರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡುವವರಿದ್ದರು.

"ಪಂಪಾ, ರಾಣಿ ಪದ ನೀನ ಹಾಡಬೇಕವ್ವ," ಎಂದರು ಅವರು. "ಮತ್ತೊಬ್ರ ಕೈಲಿ ಹಾಡಿಸಾಕ ನನ್ನ ಕೈ ಬರಂಗಿಲ್ಲ. ಇದ ಕೊನೀದು ತಿಳಕೋ. ನನ್ನ ಬೆರಳೂ ನಡುಗಾಕತ್ಯಾವ."

ಅದು ಕಾಡಿನಲ್ಲಿ ತಪ್ಪಿಸಿಕೊಂಡ ಗಂಡನನ್ನು ರಾಣಿಯೊಬ್ಬಳು ಕೂಗಿ ಕರೆಯುವ ಹಾಡು. ಪಂಪಾವತಿ ಆಗುವುದಿಲ್ಲ ಎಂದಳು. ಮಾಸ್ತರರು ಕೇಳಿಸಿಕೊಳ್ಳದವರ ಹಾಗೆ ತಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಹೋದರು.

ಮರುದಿನ ಸೂರ್ಯ ಮೇಲೇರುವ ಮುಂಚೆ ಎರ್ರಿಸ್ವಾಮಿ ಕಾರನ್ನು ಮನೆಯ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲಿಸಿದ. ಹಿಂದಿನ ಸೀಟು ಝಾಡಿಸಿ, ಒಗೆದ ಬಿಳಿ ಟವೆಲು ಹಾಸಿದ. ಸಣ್ಣ ಫ್ಯಾನೊಂದನ್ನು ಸಿಕ್ಕಿಸಿದ. "ಗಾಜು ಏರಿಸ್ಕೊಂಡು ಒಳಗ ಕುಂತು ಹಾಡು. ಇಲ್ಲಿ ಧೂಳ ಬರಂಗಿಲ್ಲ," ಎಂದ.

ಅವಳು ಬಗ್ಗಿ ಟವೆಲಿನ ಅಂಚು ಸರಿಮಾಡಿದಳು. ಆಮೇಲೆ, "ನೀವು ಹೊರಗ ಇರ್ರಿ," ಎಂದಳು. "ಈ ಒಡದ ದನಿ ನಿಮಗ ಕೇಳಿಸೂದು ಬ್ಯಾಡ. ನೀವು ಕೇಳಿದ್ದು ಬ್ಯಾರೆ."

ಹೀಗೆ ಶುರುವಾಯಿತು ನಮ್ಮ ಬೆಳಗು. ಅವಳು ಒಳಗೆ, ಅವನು ಹೊರಗೆ, ನಡುವೆ ನಾನು. ಅವಳು ಮೊದಲು ಸ್ವರ ಹಚ್ಚುತ್ತಿದ್ದಳು, ದನಿ ಒಡೆಯುತ್ತಿತ್ತು, ಮತ್ತೆ ಹಚ್ಚುತ್ತಿದ್ದಳು. ಸೆಕೆಯಾದಾಗ ಇಳಿದು, ಲಾರಿ ಇಲ್ಲದ ಹೊತ್ತು ನೋಡಿ ಗಾಳಿ ಕುಡಿದು, ಮತ್ತೆ ಹತ್ತುತ್ತಿದ್ದಳು. ನಾನು ಅವಳ ಹಾಡಿಗೆ ಒತ್ತಿಕೊಂಡು ಅರೆನಿದ್ದೆಯಲ್ಲಿರುತ್ತಿದ್ದೆ. ಆ ನಿದ್ದೆಯಲ್ಲಿ ನನಗೆ ಕಾಡು ಕಾಣುತ್ತಿತ್ತು. ನಾನು ಕಾಡನ್ನು ನೋಡಿದವನಲ್ಲ, ಆದರೂ ಮರಗಳ ನಡುವೆ ರಾಣಿ ನಡೆಯುವುದು, ಅವಳ ಸೀರೆಯ ಅಂಚು ಎಲೆಗೆ ತಾಗುವುದು ಕಾಣುತ್ತಿತ್ತು. ಅಲ್ಲಿ ಧೂಳೇ ಇರಲಿಲ್ಲ. ನನಗೆ ಕೆಲಸವೂ ಇರಲಿಲ್ಲ.

ಹೊರಗೆ ಎರ್ರಿಸ್ವಾಮಿ ಕೈಯಲ್ಲಿ ಬಟ್ಟೆ ಹಿಡಿದು ಕಾರು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ನನ್ನ ಹೊರತುಟಿಯ ಹತ್ತಿರ ಬಗ್ಗಿ, ಏನಾದರೂ ಕೇಳೀತೇ ಎಂದು ಉಸಿರು ಹಿಡಿಯುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಗಾಜಿನೊಳಗೆ ಹೆಂಡತಿಯ ಬಾಯಿ ಆಡುವುದು ಮಾತ್ರ ಅವನಿಗೆ ಕಾಣುತ್ತಿತ್ತು. ಧೂಳನ್ನು ತಡೆದು ಅವಳಿಗೆ ದನಿ ಕೊಡುತ್ತಿದ್ದವನೂ ನಾನೇ, ಆ ದನಿಯನ್ನು ಅವನಿಗೆ ಮುಟ್ಟದಂತೆ ತಡೆಯುತ್ತಿದ್ದವನೂ ನಾನೇ. ಅವನ ಮುಖ ನೋಡಿದಾಗ ನನಗೆ ಸಂಕಟವಾಗುತ್ತಿತ್ತು. ಆದರೆ ಸ್ವಲ್ಪ ಮಾತ್ರ ತೆರೆದುಕೊಳ್ಳುವುದು ನನ್ನ ಜಾತಿಗೆ ಗೊತ್ತಿಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮ ಕಡೆಯ ಡ್ರೈವರುಗಳಿಗೆ ಆ ಹಬ್ಬ ಎಂದರೆ ಹೆಣ್ಣು ನೋಡಲು ಹೋಗುವ ಗಂಡಿನ ಸಡಗರ. ಗಾಡಿಯನ್ನು ಹೇಗೆ ಮಿಂಚಿಸಬೇಕೆಂಬುದರಲ್ಲಿ ಎಲ್ಲರೂ ಪಂಡಿತರು. ಕಪ್ಪಗಿರುವುದಕ್ಕೆಲ್ಲ ಡೀಸೆಲ್ ಬಟ್ಟೆ ಆಡಿಸಿದರೆ ಹೊಸದರ ಹಾಗಾಗುತ್ತದೆ ಎಂಬುದು ಅವರೆಲ್ಲ ಒಪ್ಪಿದ ಮಾತು. ಹಬ್ಬದ ಹಿಂದಿನ ದಿನ ಇಡೀ ಕ್ರಾಸಿನಲ್ಲಿ ಅದೇ ವಾಸನೆ. ಎರ್ರಿಸ್ವಾಮಿ ಟಯರಿಗೆ ಹಚ್ಚಿದ, ಬಂಪರಿಗೆ ಹಚ್ಚಿದ, ನನ್ನ ಅಣ್ಣತಮ್ಮಂದಿರಿಗೆ ಒಂದೊಂದು ಕೈ ಆಡಿಸಿದ. ನನ್ನ ಹತ್ತಿರ ಬಂದಾಗ ಮಾತ್ರ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅದು ಪಂಪಾವತಿಯ ಬಾಗಿಲು. ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ ಅದ್ದಿ, ಸಂದುಗೊಂದಿಗೆಲ್ಲ ಬೆರಳು ಹಾಕಿ, ಕೂಸಿಗೆ ಎಣ್ಣೆ ಹಚ್ಚುವ ಹಾಗೆ ತಿಕ್ಕಿದ. ಮೇಲಿನ ಅಂಚಿಗೆ ಬರುವಷ್ಟರಲ್ಲಿ ಡೀಸೆಲ್ ಮುಗಿಯಿತು, ಅಲ್ಲಿ ಒಣಬಟ್ಟೆಯಲ್ಲೇ ಒರೆಸಿ ಎದ್ದ.

ನಾನು ಮಿಂಚಿದೆ, ನಿಜ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಅವನು ನನ್ನನ್ನು ತೋರಿಸಿದ. ಬಾಗಿಲಿಗೆ ಕುಂಕುಮ, ವಿಭೂತಿ, ಚೆಂಡು ಹೂವು. ನಾನು ಆ ದಿನ ಪೂರ್ತಿ ಅಮಲಿನಲ್ಲಿದ್ದೆ. ಕುಡಿದವರಿಗೆ ಹೇಗಾಗುತ್ತದೆಂದು ನನಗೆ ಆಗಲೇ ತಿಳಿದದ್ದು: ಮೈ ಉಬ್ಬಿತು, ಮೆತ್ತಗಾಯಿತು, ಯಾವುದೂ ಬಿಗಿ ಅನ್ನಿಸಲಿಲ್ಲ, ಎಲ್ಲರೂ ಒಳ್ಳೆಯವರಾಗಿ ಕಂಡರು. ಕೆಲವು ದಿನ ಕಳೆದ ಮೇಲೆ ಅಮಲು ಇಳಿಯಿತು, ಉಬ್ಬು ಇಳಿಯಲಿಲ್ಲ. ನಾನು ಉದ್ದವಾಗಿದ್ದೆ. ಚೌಕಟ್ಟಿನಲ್ಲಿ ಕೂರಲಾಗದೆ ಅಲ್ಲಲ್ಲಿ ಅಲೆಯಂತೆ ಎದ್ದಿದ್ದೆ. ಹಲ್ಲು ಸಡಿಲವಾಗಿದ್ದವು. ಬಾಗಿಲು ಹಾಕಿದರೂ ಕೆಳಮೂಲೆಯಲ್ಲಿ ಒಂದು ಸಂದು ಉಳಿಯುತ್ತಿತ್ತು.

ಆ ಸಂದಿನಿಂದ ಹಾಡು ಹೊರಗೆ ಹೋಯಿತು.

ಎರ್ರಿಸ್ವಾಮಿ ಆಗ ಹಿಂದಿನ ಚಕ್ರದ ಹತ್ತಿರ ಬಗ್ಗಿದ್ದ. ಬಗ್ಗಿದವನು ಹಾಗೆಯೇ ನಿಂತ. ಆಮೇಲೆ ಸದ್ದಾಗದ ಹಾಗೆ ನೆಲಕ್ಕೆ ಕೂತು, ಬೆನ್ನನ್ನು ಬಾಗಿಲಿಗೆ ಆನಿಸಿದ. ದನಿ ಒಡೆಯಿತು, ಅವನು ಕಣ್ಣು ಮುಚ್ಚಿದ. ಮತ್ತೆ ಸ್ವರ ಹಚ್ಚಿದಳು, ಅವನ ತಲೆ ಆಡಿತು. ಹಾಡು ಮುಗಿಯುವ ಹೊತ್ತಿಗೆ ಅವನ ಮುಖದ ಕೆಂಪು ಧೂಳಿನಲ್ಲಿ ಎರಡು ಒದ್ದೆ ಗೆರೆ ಇಳಿದಿದ್ದವು. ಅವಳು ಇಳಿಯುವ ಮೊದಲು ಎದ್ದು, ಬಟ್ಟೆ ಹಿಡಿದು, ಏನೂ ಗೊತ್ತಿಲ್ಲದವನ ಹಾಗೆ ಡಿಕ್ಕಿ ಒರೆಸತೊಡಗಿದ. ಆಮೇಲೆ ದಿನವೂ ಅದೇ ಆಯಿತು. ಇಷ್ಟು ದಿನ ಕೇಳದ್ದು ಈಗ ಹೇಗೆ ಕೇಳುತ್ತಿದೆ ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಖುಷಿಯಲ್ಲಿದ್ದವರು ಅಂಥದ್ದನ್ನೆಲ್ಲ ಕೇಳುವುದಿಲ್ಲ.

ಹಾಡು ಹೊರಗೆ ಹೋದ ದಾರಿಯಲ್ಲೇ ಧೂಳು ಒಳಗೆ ಬಂತು. ನಾನು ತಡೆಯಲು ನೋಡಿದೆ, ಆಗಲಿಲ್ಲ. ಇಷ್ಟು ವರ್ಷ ಹೊರತುಟಿಯ ಮೇಲೆ ಕೂತು ಕಾದಿದ್ದ ಧೂಳು ನನ್ನ ಹೊಟ್ಟೆಯ ಪಕ್ಕದಿಂದಲೇ ನುಸುಳಿ ಹೋಗಿ ಬಿಳಿ ಟವೆಲಿನ ಅಂಚಿಗೆ ಕೂತಿತು. ಪಂಪಾವತಿ ಮೊದಲ ದಿನವೇ ಅದನ್ನು ಕಂಡಳು. ಬೆರಳಿಂದ ಒರೆಸಿ ನೋಡಿದಳು, ನನ್ನನ್ನೂ ಒಮ್ಮೆ ನೋಡಿದಳು. ಹಾಡು ಮುಗಿದ ಮೇಲೆ ಟವೆಲನ್ನು ಮಡಿಚಿ ಸೆರಗಿನಲ್ಲಿ ಇಟ್ಟುಕೊಂಡು ಹೋಗಿ ತಾನೇ ಒಗೆದು ತಂದಳು. ದಿನವೂ ಹಾಗೆ ಮಾಡಿದಳು. ಕೆಮ್ಮು ಮರಳಿ ಬಂತು. ಒಳಗೆ ಕೂತು ಬಾಯಿಗೆ ಸೆರಗು ಒತ್ತಿ ಕೆಮ್ಮುತ್ತಿದ್ದಳು. ಕಾರ್ಯಕ್ರಮ ಹತ್ತಿರವಾಗುತ್ತಿತ್ತು, ಕಷ್ಟಪಟ್ಟು ಹಿಂದಿರುಗಿಸಿಕೊಂಡ ಸ್ವರಗಳು ಒಂದೊಂದಾಗಿ ಮತ್ತೆ ಜಾರುತ್ತಿದ್ದವು. ನಾನು ಅವರಿಬ್ಬರ ನಡುವೆ ಅಲೆಯಲೆಯಾಗಿ ಬಿದ್ದುಕೊಂಡಿದ್ದೆ. ಇಬ್ಬರ ಗುಟ್ಟೂ ನನಗೆ ಗೊತ್ತಿತ್ತು, ಬಾಯಿ ಮಾತ್ರ ಇರಲಿಲ್ಲ.

ಒಂದು ಬೆಳಗ್ಗೆ ಕೆಮ್ಮು ತಡೆಯಲಾಗದೆ ಅವಳು ಅರ್ಧಕ್ಕೇ ಇಳಿದು ಬೇವಿನ ಕಟ್ಟೆಯ ಮೇಲೆ ಕೂತಳು. ಟವೆಲು ಸೀಟಿನ ಮೇಲೇ ಉಳಿಯಿತು. ಎರ್ರಿಸ್ವಾಮಿ ಅವಳಿಗೆ ನೀರಿನ ಬಾಟಲಿ ತೆಗೆಯಲು ಬಗ್ಗಿದ. ಬಿಳಿ ಬಟ್ಟೆಯ ಮೇಲೆ, ಬಾಗಿಲಿನ ಅಂಚು ಹೇಗಿತ್ತೋ ಹಾಗೆಯೇ ಒಂದು ಕೆಂಪು ಗೆರೆ. ಅವನು ಗೆರೆಯನ್ನು ನೋಡಿದ, ಕೆಳಮೂಲೆಯ ಸಂದಿಗೆ ಬೆರಳು ಹಾಕಿದ. ಬೆರಳು ಸಲೀಸಾಗಿ ಹೋಯಿತು. ನನ್ನನ್ನು ಹಿಡಿದು ಸ್ವಲ್ಪ ಎಳೆದ. ನಾನು ತಡೆ ಮಾಡದೆ ಅವನ ಕೈಗೆ ಬಂದೆ.

"ಯಾವಾಗಿಂದ ಹಿಂಗ?" ಎಂದು ಕೇಳಿದ.

"ಹಬ್ಬ ಆದಾಗಿಂದ," ಎಂದಳು ಪಂಪಾವತಿ.

"ನನಗ ಹೇಳಬಾರದಿತ್ತೇನು?"

"ಏನಂತ ಹೇಳ್ಲಿ? ಅಷ್ಟು ಪ್ರೀತೀಲೆ ತಿಕ್ಕಿದ್ರಿ. ಹೋಗೋ ಬರೋರಿಗೆಲ್ಲ ಕರದು ತೋರಿಸಿದ್ರಿ. ನೀವು ಮಾಡಿದ್ದಕ್ಕ ಹಿಂಗಾತು ಅಂತ ಯಾವ ಬಾಯಿಲೆ ಅನ್ಲಿ?"

ಎರ್ರಿಸ್ವಾಮಿ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕೂತ. "ನಾನೂ ಒಂದು ಹೇಳಿಲ್ಲ," ಎಂದ. "ಧೂಳು ಒಳಗ ಬಂದ ಸಂದಿನಾಗ ನಿನ್ನ ಹಾಡು ಹೊರಗ ಬರ್ತಿತ್ತು. ದಿನಾ ಕೇಳೀನಿ. ಅದು ಯಾಕ ಕೇಳಾಕತೈತಿ ಅಂತ ಒಂದು ದಿನಾರ ವಿಚಾರ ಮಾಡಿದ್ರ ನಿನಗ ಈ ಕೆಮ್ಮು ಬರ್ತಿರಲಿಲ್ಲ."

ಅವಳ ಮುಖ ಕೆಂಪಾಯಿತು. ಕೇಳಬೇಡ ಎಂದದ್ದನ್ನು ಕೇಳಿದ ಸಿಟ್ಟು ಅದು, ನನಗೆ ಸ್ಪಷ್ಟವಾಗಿ ಕಂಡಿತು. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಧೂಳು ಎದ್ದು ಇಬ್ಬರ ಮೇಲೂ ಕೂತಿತು. ಅವಳು ಬೇರೆ ಕಡೆ ನೋಡುತ್ತ ಕೇಳಿದಳು, "ಹೆಂಗಿತ್ತು?"

"ಒಡದೈತಿ," ಎಂದ ಅವನು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. "ತಂಬಿನ ಹಿಂದ ನಿಂತು ಕೇಳಿದ್ದು ಈಗ ನನಗ ಅಷ್ಟು ನೆಪ್ಪಿಲ್ಲ. ನಿನ್ನೆ ಕೇಳಿದ್ದು ರಾತ್ರಿಯೆಲ್ಲ ಕಿವ್ಯಾಗ ಇತ್ತು."

ಪಂಪಾವತಿ ಸೆರಗಿನಿಂದ ಅವನ ಮುಖದ ಧೂಳು ಒರೆಸಿದಳು. ಅಷ್ಟೇ.

ಅದೇ ದಿನ ಹೊಸಪೇಟೆಯ ಖಾಜಾಸಾಬರ ಅಂಗಡಿಗೆ ಹೋದೆವು. ಸೀಟು ಹೊಲಿಯುವ, ರಬ್ಬರು ಬದಲಿಸುವ ಅಂಗಡಿ ಅದು. ಅವರು ನನ್ನನ್ನು ಮೂಸಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಏನ್ರಿ ಸ್ವಾಮಿ, ರಬ್ಬರಿಗೆ ಡೀಸೆಲ್ ಕುಡಿಸಿ ಹಬ್ಬ ಮಾಡಿಸೀರಿ! ನಾವು ನೀರಾಗ ಹಿಂಡಿದ ಬಟ್ಟಿ ಬಿಟ್ರ ಬ್ಯಾರೆ ಏನೂ ಮುಟ್ಟಿಸಂಗಿಲ್ಲ." ಹೊಸ ರಬ್ಬರನ್ನು ಚೌಕಟ್ಟಿಗೆ ಒತ್ತಿ ಕೂರಿಸಿದರು. ಬಾಗಿಲು ಹಾಕಿದಾಗ ಆ ಮೆತ್ತನೆಯ ಸದ್ದು ಬಂತು. ಅದು ಇನ್ನು ನನ್ನ ಸದ್ದಲ್ಲ ಎಂದು ತಿಳಿದು ನನಗೆ ಅಳು ಬಂದ ಹಾಗಾಯಿತು. ಇನ್ನು ಮೇಲೆ ಹೆಂಡತಿಯ ಹಾಡು ತನಗೆ ಕೇಳುವುದಿಲ್ಲವೆಂದು ಎರ್ರಿಸ್ವಾಮಿಗೂ ಗೊತ್ತಿತ್ತು. ಗೊತ್ತಿದ್ದೂ ಅವನು ಸೊಂಟದಿಂದ ಒತ್ತಿ, ಬಿಗಿಯಾಗಿ ಕೂತಿದೆಯೇ ಎಂದು ಎರಡು ಸಲ ಪರೀಕ್ಷೆ ಮಾಡಿದ.

ನನ್ನನ್ನು ಖಾಜಾಸಾಬರು ಮೂಲೆಯ ರಾಶಿಗೆ ಎಸೆದರು. ಹರಿದ ಸೀಟುಗಳು, ಒಡೆದ ಕನ್ನಡಿಗಳು, ನನ್ನಂಥ ಕರಿ ಹಾವುಗಳ ಗಂಟು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಎರ್ರಿಸ್ವಾಮಿ ಹೊರಟವನು ತಿರುಗಿ ಬಂದು ನನ್ನನ್ನು ಎಳೆದು, ಉದ್ದಕ್ಕೂ ಬೆರಳಿಂದ ಹಿಚುಕಿ ನೋಡಿದ. ಡೀಸೆಲ್ ಮುಗಿದು ಒಣಬಟ್ಟೆ ಆಡಿಸಿದ್ದ ಆ ಮೇಲಿನ ಅಂಚು ಇನ್ನೂ ಗಟ್ಟಿಯಾಗಿತ್ತು. ಅದಷ್ಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಮನೆಗೆ ಬಂದು ಮಾಸ್ತರರ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಸುತ್ತಿಗೆ ನನ್ನನ್ನು ಅಂಟಿಸಿದ. ಧೂಳು ಹೊಕ್ಕರೆ ಅದರ ಸ್ವರವೂ ಕೆಡುತ್ತದಂತೆ. ನಾನು ಈಗ ಚಿಕ್ಕವನಾಗಿದ್ದೆ, ಆದರೆ ಕೆಲಸ ಅದೇ.

ಹೀಗಾಗಿ ಬಳ್ಳಾರಿಯ ಆ ಸಂಜೆ ನಾನು ವೇದಿಕೆಯ ಮೇಲೇ ಇದ್ದೆ. ವೀರೇಶಪ್ಪ ಮಾಸ್ತರರು ಮುಚ್ಚಳ ತೆಗೆದು ಪಕ್ಕಕ್ಕೆ ಇಟ್ಟರು, ನನಗೆ ಎಲ್ಲ ಕಾಣುವ ಹಾಗೆ. ಪಂಪಾವತಿ ಹಸಿರು ಸೀರೆ ಉಟ್ಟು ಮೈಕಿನ ಮುಂದೆ ಬಂದಳು. ಸಭೆಯನ್ನು ಒಮ್ಮೆ ನೋಡಿದಳು. ಅವಳು ಹುಡುಕಿದವನು ಅಲ್ಲಿರಲಿಲ್ಲ. ಅವನೆಲ್ಲಿರುತ್ತಾನೆಂದು ನನಗೆ ಗೊತ್ತಿತ್ತು. ಊಟಕ್ಕೆ ಕರೆದರೂ, ಮದುವೆಗೆ ಕರೆದರೂ, ಕಾರು ಬಿಟ್ಟು ಒಳಗೆ ಹೋಗದಿರುವುದು ಡ್ರೈವರುಗಳ ಚಾಳಿ. ಅವನು ಹೊರಗೆ ಕಾರಿಗೆ ಒರಗಿ ನಿಂತಿದ್ದ. ಜೊತೆಗೆ, ಅವಳೇ ಹೇಳಿದ್ದಳಲ್ಲ, ಹೊರಗ ಇರ್ರಿ ಎಂದು. ಆ ಮಾತನ್ನು ಅವಳು ಇನ್ನೂ ವಾಪಸು ತೆಗೆದುಕೊಂಡಿರಲಿಲ್ಲ.

ಪಂಪಾವತಿ ಮೈಕಿನವನ ಕಿವಿಯಲ್ಲಿ ಏನೋ ಹೇಳಿದಳು. ಅವನು ರೂಢಿಯ ದನಿಯಲ್ಲಿ ಕೂಗಿದ: "ಬಿಳಿ ಕಾರಿನ ಡ್ರೈವರು ಎರ್ರಿಸ್ವಾಮಿ ಅವರು ಎಲ್ಲಿದ್ದರೂ ಕೂಡಲೇ ವೇದಿಕೆ ಹತ್ತಿರ ಬರಬೇಕು."

ಯಾರ ಗಾಡಿಗೋ ಅಡ್ಡವಾಗಿದೆ ಎಂದುಕೊಂಡು ಅವನು ಕೀ ಕೈಯಲ್ಲಿ ಹಿಡಿದು ಓಡಿ ಬಂದ. "ತೆಗೀತೀನ್ರಿ, ತೆಗೀತೀನಿ, ಒಂದು ನಿಮಿಷ!" ಎನ್ನುತ್ತ ಜನರ ನಡುವೆ ನುಗ್ಗಿದ. ಸಭೆಯೆಲ್ಲ ನಕ್ಕಿತು. ಅವನು ಕಂಗಾಲಾಗಿ ವೇದಿಕೆಯ ಮುಂದೆ ನಿಂತ.

ಪಂಪಾವತಿ ಮೈಕಿನಲ್ಲೇ ಹೇಳಿದಳು, "ಕಾರು ಅಲ್ಲೇ ಇರ್ಲಿ. ನೀವು ಕುಂದರ್ರಿ." ಮುಂದಿನ ಸಾಲಿನ ಒಂದು ಕುರ್ಚಿಗೆ ಕೈ ತೋರಿಸಿದಳು.

ನಗು ಹಾಗೆಯೇ ಅಡಗಿತು. ಅವನು ಕುರ್ಚಿಯ ಅಂಚಿನಲ್ಲಿ, ಈಗಲೇ ಎದ್ದು ಹೋಗಬೇಕಾದವನ ಹಾಗೆ ಕೂತ. ಹಾರ್ಮೋನಿಯಂ ಶುರುವಾಯಿತು, ಕಾಡಿನ ರಾಣಿ ಗಂಡನನ್ನು ಕೂಗಿದಳು. ಮೇಲಿನ ಸ್ವರಕ್ಕೆ ಏರುವಲ್ಲಿ ದನಿ ಸೀಳಿತು. ಮಾಸ್ತರರ ಬೆರಳು ಅರೆಕ್ಷಣ ನಿಂತವು. ಅವಳು ನಿಲ್ಲಿಸಲಿಲ್ಲ. ಸೀಳಿದ ದನಿಯಲ್ಲೇ, ಅವನನ್ನೇ ನೋಡುತ್ತ, ಆ ಸಾಲನ್ನು ಕೊನೆಯವರೆಗೆ ಹಾಡಿದಳು. ನನ್ನ ಹೊಟ್ಟೆಯೊಳಗೆ ಹಳೆಯ ಬೆಳಗುಗಳೆಲ್ಲ ಸುತ್ತಿದವು. ಒನ್ಸ್‌ಮೋರ್ ಎಂದು ಯಾರೂ ಕೂಗಲಿಲ್ಲ. ಕೂಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಇದು ನಡೆದು ಬಹಳ ಕಾಲವಾಯಿತು. ಮಾಸ್ತರರು ಪೆಟ್ಟಿಗೆಯನ್ನು ಪಂಪಾವತಿಗೇ ಬಿಟ್ಟು ಹೋದರು. ನಾನು ಈಗ ಗಡುಸಾಗಿದ್ದೇನೆ, ಅಲ್ಲಲ್ಲಿ ಬಿರುಕು, ಒಂದು ಮೂಲೆಯಲ್ಲಿ ಅಂಟು ಬಿಟ್ಟಿದೆ. ಎಚ್ಚರ ಕಡಿಮೆ, ನಿದ್ದೆ ಜಾಸ್ತಿ. ನಿದ್ದೆಯಲ್ಲಿ ಕಾಡು ಬರುತ್ತದೆ. ಕೆಲವು ಸಲ ವಕೀಲರೂ ಬಂದು ಬಾಗಿಲು ಬಡಿದು ಹೋಗುತ್ತಾರೆ, ನನಗೆ ನೋವಾಗುವುದಿಲ್ಲ.

ಬೆಳಗಾದರೆ ಈಗಲೂ ಬೇವಿನ ಮರದ ಕೆಳಗೆ ಕಾರು ನಿಲ್ಲುತ್ತದೆ. ಎರ್ರಿಸ್ವಾಮಿ ಪೆಟ್ಟಿಗೆಯನ್ನು ಎತ್ತಿ ತಂದು ಹಿಂದಿನ ಸೀಟಿನ ಮೇಲೆ ಇಡುತ್ತಾನೆ. ಪಂಪಾವತಿ ಎಡಬಾಗಿಲಿನಿಂದ ಹತ್ತುತ್ತಾಳೆ, ಬಿಳಿ ಟವೆಲಿನ ಮೇಲೆ ಕೂರುತ್ತಾಳೆ, ಮುಚ್ಚಳ ತೆಗೆಯುತ್ತಾಳೆ. ರಸ್ತೆಯಲ್ಲಿ ಲಾರಿಗಳು ಬರುವ ಸದ್ದು. ಅವನು ಕಾರಿನ ಮುಂದುಗಡೆಯಿಂದ ಬಳಸಿ ಬಂದು, ಇನ್ನೊಂದು ಬಾಗಿಲು ತೆಗೆದು ಅವಳ ಪಕ್ಕದಲ್ಲಿ ಕೂತು, ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಧೂಳು ಹೊರಗೆ ಉಳಿಯುತ್ತದೆ.